ಹಸುಗೂಸಿನ ಉಸಿರು ಎಣಿಸಿ

2020ರ ಚಳಿಗಾಲದಲ್ಲಿ ನ್ಯೂಜಿಲೆಂಡಿನ ಮಕ್ಕಳ ವಾರ್ಡುಗಳಲ್ಲಿ ಹಾಸಿಗೆಗಳು ಖಾಲಿ ಉಳಿದವು. ಆ ದೇಶಕ್ಕೆ ಜೂನ್‌ನಿಂದ ಆಗಸ್ಟ್‌ವರೆಗೆ ಚಳಿಗಾಲ. ಮೂಗು ಕಟ್ಟಿ, ಎದೆಯಲ್ಲಿ ಗೊರಗೊರ ಸದ್ದು ಮಾಡುವ ಎಳೆಗೂಸುಗಳು ಆ ತಿಂಗಳುಗಳಲ್ಲಿ ಸಾಲಾಗಿ ಆಸ್ಪತ್ರೆಗೆ ಬರುವುದು ಅಲ್ಲಿನ ವೈದ್ಯರಿಗೆ ರೂಢಿ. ಆ ವರ್ಷ ಕೋವಿಡ್ ತಡೆಯಲು ದೇಶ ಗಡಿ ಮುಚ್ಚಿತ್ತು, ಲಾಕ್‌ಡೌನ್ ಬಿಗಿಯಾಗಿತ್ತು. ಕೋವಿಡ್‌ಗೆ ಹಾಕಿದ ಬೇಲಿ ಬೇರೆ ವೈರಸ್‌ಗಳನ್ನೂ ಹೊರಗೇ ನಿಲ್ಲಿಸಿತು. ಫ್ಲೂ ಹೆಚ್ಚುಕಡಿಮೆ ಕಾಣೆಯಾಯಿತು. ಹಸುಗೂಸುಗಳನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಆರ್‌ಎಸ್‌ವಿ ಎಂಬ ವೈರಸ್ ಹಿಂದಿನ ವರ್ಷಗಳಿಗಿಂತ ಶೇ 98ರಷ್ಟು ಇಳಿಯಿತು.

2021ರ ಏಪ್ರಿಲ್ 19ರಂದು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ನಡುವೆ ಕ್ವಾರಂಟೈನ್ ಇಲ್ಲದ ಓಡಾಟ ಶುರುವಾಯಿತು. ಚಳಿ ಕಾಲಿಟ್ಟಿತು, ಆರ್‌ಎಸ್‌ವಿ ಮರಳಿ ಬಂತು. ಜುಲೈ ಹೊತ್ತಿಗೆ ಮಕ್ಕಳ ಐಸಿಯುಗಳು ತುಂಬಿದವು, ತುರ್ತಲ್ಲದ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಿದರು. ಆಕ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಮಕ್ಕಳು ಆಡುವ ಕೋಣೆಯ ಆಟಿಕೆಗಳನ್ನು ಸರಿಸಿ ಅಲ್ಲೇ ತೊಟ್ಟಿಲು ಹಾಕಬೇಕಾಯಿತು. ಕೋವಿಡ್ಡನ್ನು ಎಲ್ಲರಿಗಿಂತ ಚೆನ್ನಾಗಿ ತಡೆದ ದೇಶವೆಂದು ಹೆಸರು ಪಡೆದಿದ್ದ ನಾಡು ಅದು. ಅಲ್ಲಿಯೇ ಒಂದು ಹಳೆಯ, ಪರಿಚಿತ ನೆಗಡಿಯ ವೈರಸ್ಸಿಗೆ ಹಾಸಿಗೆ ಸಾಲದಾಯಿತು.

ಈ ವೈರಸ್ಸಿನ ಕತೆ ಸ್ವಲ್ಪ ಹಳೆಯದು. 1956ರಲ್ಲಿ ಅಮೆರಿಕದ ಒಂದು ಪ್ರಯೋಗಾಲಯದ ಚಿಂಪಾಂಜಿಗಳಿಗೆ ನೆಗಡಿ ಹಿಡಿದಾಗ ಇದು ಮೊದಲು ಕಣ್ಣಿಗೆ ಬಿತ್ತು. ಚಿಂಪಾಂಜಿಯ ಕಾಯಿಲೆ ಎಂದೇ ಹೆಸರಿಟ್ಟರು. ಮರುವರ್ಷವೇ ರಾಬರ್ಟ್ ಚಾನಕ್ ಎಂಬ ವೈದ್ಯ ವಿಜ್ಞಾನಿ ಬಾಲ್ಟಿಮೋರಿನ ಕಾಯಿಲೆಯ ಶಿಶುಗಳಲ್ಲಿ ಇದೇ ವೈರಸ್ ಕಂಡ. ಅದು ಮನುಷ್ಯರದೇ ವೈರಸ್, ಅದರಲ್ಲೂ ಮಕ್ಕಳದು, ಎಂಬುದು ಆಗ ಗೊತ್ತಾಯಿತು. ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಪ್ರತಿ ಮಗುವಿಗೂ ಒಮ್ಮೆಯಾದರೂ ಇದು ತಗುಲುತ್ತದೆ. ಬಹುತೇಕ ಮಕ್ಕಳಿಗೆ ಬರಿ ನೆಗಡಿ, ಕೆಮ್ಮು, ಎರಡು ದಿನ ಜ್ವರ. ಆರೋಗ್ಯವಂತ ದೊಡ್ಡವರಿಗಂತೂ ಎಷ್ಟೋ ಸಲ ಬಂದು ಹೋದದ್ದೂ ತಿಳಿಯುವುದಿಲ್ಲ. ಆದರೆ ಆರು ತಿಂಗಳೊಳಗಿನ ಕೂಸಿನ ಎದೆಗೆ ಇಳಿದರೆ ವಿಷಯವೇ ಬೇರೆ.

ಆ ವಯಸ್ಸಿನಲ್ಲಿ ಶ್ವಾಸಕೋಶದ ತುದಿಯ ನಾಳಗಳ ಅಗಲ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ವೈರಸ್ ಅವುಗಳ ಒಳಪದರದ ಕೋಶಗಳನ್ನು ಕೊಂದಾಗ ಸತ್ತ ಕೋಶಗಳು ಉದುರುತ್ತವೆ, ಕಫ ಸೇರುತ್ತದೆ, ಗೋಡೆ ಊದಿಕೊಳ್ಳುತ್ತದೆ. ಕೊಳವೆಯ ಅಗಲ ಅರ್ಧಕ್ಕೆ ಇಳಿದರೆ ಗಾಳಿಗೆ ಎದುರಾಗುವ ತಡೆ ಎರಡು ಪಟ್ಟಲ್ಲ, ಹದಿನಾರು ಪಟ್ಟು ಹೆಚ್ಚುತ್ತದೆ. ದೊಡ್ಡವರ ನಾಳ ಅಷ್ಟೇ ಊದಿಕೊಂಡರೆ ಒಂದಿಷ್ಟು ಕೆಮ್ಮು ಬಂದೀತು. ಕೂಸಿಗೆ ಅದೇ ಊತದಿಂದ ಉಸಿರೇ ಕಟ್ಟುತ್ತದೆ. ವೈದ್ಯರು ಇದಕ್ಕೆ ಬ್ರಾಂಕಿಯೊಲೈಟಿಸ್ ಎನ್ನುತ್ತಾರೆ. ಮನೆಯವರು ‘ಎದೆ ಕಟ್ಟಿದೆ’ ಎನ್ನುತ್ತಾರೆ. ಎರಡೂ ಒಂದೇ ಮಾತು.

ಎರಡು ತಿಂಗಳ ಕೂಸಿಗೆ ಈ ಕಾಯಿಲೆ ಬಂದಾಗ ಮೊದಲು ಗೊತ್ತಾಗುವುದು ತಾಯಿಗೆ. ಹಸಿವಿರುತ್ತದೆ, ಮೊಲೆಗೆ ಬಾಯಿ ಹಾಕುತ್ತದೆ, ಎರಡು ಗುಟುಕು ಎಳೆದು ಬಿಟ್ಟುಬಿಡುತ್ತದೆ. ಎಳೆಗೂಸುಗಳು ಉಸಿರಾಡುವುದು ಮುಖ್ಯವಾಗಿ ಮೂಗಿನಿಂದ. ಮೂಗು ಕಟ್ಟಿದರೆ ಹಾಲು ಕುಡಿಯಬೇಕೋ ಉಸಿರಾಡಬೇಕೋ, ಒಂದನ್ನು ಬಿಡಲೇಬೇಕು. ಆಮೇಲೆ ಮೂಗಿನ ಹೊಳ್ಳೆ ಅರಳುತ್ತದೆ. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗಿನ ಚರ್ಮ ಗುಳಿಬಿದ್ದು ಒಳಗೆ ಹೋಗುತ್ತದೆ. ಇದನ್ನೇ ನಮ್ಮ ಆರೋಗ್ಯ ಕಾರ್ಯಕರ್ತೆಯರು ಪಕ್ಕೆ ಸೆಳೆತ ಎನ್ನುವುದು. ತಲೆ ಉಸಿರಿನ ಜೊತೆಗೇ ಮೇಲೆ ಕೆಳಗೆ ಆಡುತ್ತದೆ, ಉಸಿರು ಬಿಡುವಾಗ ನರಳಿದಂಥ ಸದ್ದು ಬರುತ್ತದೆ. ತೀರ ಎಳೆಯ ಕೂಸುಗಳಲ್ಲಿ, ಅದರಲ್ಲೂ ದಿನ ತುಂಬುವ ಮೊದಲೇ ಹುಟ್ಟಿದವರಲ್ಲಿ, ಇದ್ಯಾವುದೂ ಇಲ್ಲದೆ ಉಸಿರು ಕೆಲವು ಸೆಕೆಂಡು ನಿಂತುಹೋಗುವುದೂ ಉಂಟು. ಕೆಮ್ಮಿಲ್ಲ, ಜ್ವರವಿಲ್ಲ ಎಂದು ಸಮಾಧಾನ ಪಡುವಂತಿಲ್ಲ.

ಹಾಗಾದರೆ ಕೋವಿಡ್ ಹಿಂದೆ ಸರಿದ ಮೇಲೆ ಇದೇಕೆ ಇಷ್ಟು ಜೋರಾಗಿ ಬಂತು? ವೈರಸ್ ರೂಪ ಬದಲಿಸಿ ಉಗ್ರವಾಯಿತೇ ಎಂಬ ಅನುಮಾನ ಮೊದಲು ಬಂತು. 2022ರ ಕೊನೆಯಲ್ಲಿ ಬಾಸ್ಟನ್ನಿನ ಮಕ್ಕಳಿಂದ ಪಡೆದ ವೈರಸ್ಸಿನ ವಂಶವಾಹಿಯನ್ನು ಓದಿ ನೋಡಿದರೆ ಅವು ಕೋವಿಡ್ಡಿಗೂ ಮೊದಲಿನಿಂದ ಓಡಾಡಿಕೊಂಡಿದ್ದ ಹಲವು ವಂಶಗಳವೇ ಆಗಿದ್ದವು. ಬದಲಾಗಿದ್ದು ವೈರಸ್ ಅಲ್ಲ, ಅದಕ್ಕೆ ಎದುರಾದ ಮಕ್ಕಳ ಲೆಕ್ಕ. ಸಾಮಾನ್ಯ ವರ್ಷಗಳಲ್ಲಿ ಒಂದು ಚಳಿಗಾಲಕ್ಕೆ ಒಂದು ವರ್ಷದ ಮಕ್ಕಳು ಹೊಸದಾಗಿ ಸೋಂಕಿಗೆ ಸಿಗುತ್ತಾರೆ. ಎರಡು ಚಳಿಗಾಲ ವೈರಸ್ಸೇ ಸುಳಿಯದಿದ್ದರೆ ಅದನ್ನು ಒಮ್ಮೆಯೂ ಕಾಣದ ಎರಡು ಮೂರು ವರ್ಷದ ಮಕ್ಕಳೂ ಆ ಗುಂಪಿಗೆ ಸೇರುತ್ತಾರೆ. ಆಸ್ಟ್ರೇಲಿಯಾದ ಪಶ್ಚಿಮ ಭಾಗದಲ್ಲಿ 2020ರ ಕೊನೆಗೆ, ಬೇಸಿಗೆಯ ಹೊತ್ತಿನಲ್ಲಿ, ಆರ್‌ಎಸ್‌ವಿ ಅಕಾಲಿಕವಾಗಿ ಎದ್ದಾಗ ಆಸ್ಪತ್ರೆಗೆ ಬಂದವರಲ್ಲಿ ಒಂದೂವರೆ ವರ್ಷದ ಆಚೆಯ ಮಕ್ಕಳು ಎದ್ದು ಕಂಡರು. ಆ ದೊಡ್ಡ ಮಕ್ಕಳು ಮನೆಗೆ ಒಯ್ದ ನೆಗಡಿ ತೊಟ್ಟಿಲಲ್ಲಿದ್ದ ತಮ್ಮ ತಂಗಿಯರಿಗೆ ತಗುಲಿತು.

ಇದರಲ್ಲಿ ಇನ್ನೊಂದು ಎಳೆ ಇದೆ, ನನಗೆ ಹೆಚ್ಚು ಮುಖ್ಯವೆನಿಸುವುದು ಅದೇ. ಹುಟ್ಟಿದ ಕೂಸಿಗೆ ತನ್ನದೇ ರಕ್ಷಣೆ ಇಲ್ಲ, ಗರ್ಭದಲ್ಲಿ ತಾಯಿಯಿಂದ ಹರಿದುಬಂದ ಪ್ರತಿಕಾಯಗಳೇ ಅದರ ಆಸರೆ. ಮನೆಯಲ್ಲಿ, ಕೆಲಸದ ಜಾಗದಲ್ಲಿ, ಬಸ್ಸಿನಲ್ಲಿ ಆಗಾಗ ಹಿಡಿಯುವ ಈ ವೈರಸ್ಸಿನ ಸಣ್ಣಪುಟ್ಟ ನೆಗಡಿಯೇ ತಾಯಂದಿರ ಮೈಯಲ್ಲಿ ಆ ಪ್ರತಿಕಾಯಗಳನ್ನು ಹೊಸದಾಗಿಡುತ್ತದೆ. ಎರಡು ವರ್ಷ ಮಾಸ್ಕ್ ಹಾಕಿಕೊಂಡು, ಮನೆಯೊಳಗೇ ಇದ್ದ ಗರ್ಭಿಣಿಯರಿಗೆ ಆ ಸೋಂಕು ತಗುಲಲಿಲ್ಲ. ಕೆನಡಾದ ವ್ಯಾಂಕೂವರಿನಲ್ಲಿ ರಕ್ತ ಪರೀಕ್ಷಿಸಿದವರು ಹೆರುವ ವಯಸ್ಸಿನ ಹೆಂಗಸರಲ್ಲೂ ಶಿಶುಗಳಲ್ಲೂ ಆರ್‌ಎಸ್‌ವಿ ವಿರುದ್ಧದ ಪ್ರತಿಕಾಯ ಕುಸಿದಿದ್ದನ್ನು ಕಂಡರು. ತಾಯಿಯಲ್ಲಿ ಕಡಿಮೆಯಾದದ್ದು ಮಗುವಿಗೂ ಕಡಿಮೆಯೇ ಬಂತು.

ಫ್ರಾನ್ಸಿನ ಕೆಲವು ಮಕ್ಕಳ ವೈದ್ಯರು 2021ರಲ್ಲಿ ಈ ಸ್ಥಿತಿಗೆ ‘ರೋಗನಿರೋಧಕ ಸಾಲ’ ಎಂದು ಹೆಸರು ಕೊಟ್ಟರು. ಆ ಹೆಸರು ಬೇಗ ಹಬ್ಬಿತು, ಬೇಗ ಕೆಟ್ಟಿತು ಕೂಡ. ಮಾಸ್ಕ್ ಹಾಕಿದ್ದರಿಂದ ಮಕ್ಕಳ ರೋಗನಿರೋಧಕ ಶಕ್ತಿಯೇ ಹಾಳಾಯಿತು, ಕಾಯಿಲೆ ಬಂದರೇ ಮಕ್ಕಳು ಗಟ್ಟಿಯಾಗುವುದು ಎಂಬ ಮಾತುಗಳು ವಾಟ್ಸ್ಆ್ಯಪಿನಲ್ಲಿ ಇಂದಿಗೂ ಓಡಾಡುತ್ತಿವೆ. ಇದು ತಪ್ಪು, ಅಪಾಯದ ತಪ್ಪು. ಮಗುವಿನ ದೇಹದ ಶಕ್ತಿ ಬಳಸದಿದ್ದರೆ ಜಂಗು ಹಿಡಿಯುವಂಥದ್ದಲ್ಲ. ಮೂರು ವರ್ಷ ತುಂಬಿದ ಮೇಲೆ ಮೊದಲ ಬಾರಿ ಆರ್‌ಎಸ್‌ವಿ ತಗುಲಿದ ಮಗು ಸಾಮಾನ್ಯವಾಗಿ ಮೂರು ತಿಂಗಳಿಗೇ ತಗುಲಿದ ಮಗುವಿಗಿಂತ ಸಲೀಸಾಗಿ ಗೆಲ್ಲುತ್ತದೆ, ಏಕೆಂದರೆ ಅಷ್ಟರಲ್ಲಿ ಅದರ ನಾಳಗಳು ದೊಡ್ಡವಾಗಿರುತ್ತವೆ. ಸೋಂಕನ್ನು ಮುಂದಕ್ಕೆ ತಳ್ಳಿದ್ದು ಆ ಒಂದೊಂದು ಮಗುವಿಗೆ ಲಾಭವೇ. ನಷ್ಟವಾದದ್ದು ಎಲ್ಲರೂ ಒಟ್ಟಿಗೆ ಕಾಯಿಲೆ ಬಿದ್ದಾಗ, ಹತ್ತು ಹಾಸಿಗೆಯ ವಾರ್ಡಿಗೆ ಮೂವತ್ತು ಕೂಸು ಬಂದಾಗ.

ಇದು ಮುನ್ಸೂಚನೆ ಇಲ್ಲದೆ ಬಂದದ್ದೂ ಅಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ರೇಚಲ್ ಬೇಕರ್, ಬ್ರಯನ್ ಗ್ರೆನ್‌ಫೆಲ್ ಮತ್ತು ಜೊತೆಗಾರರು 2020ರ ಡಿಸೆಂಬರಿನಲ್ಲೇ ಲೆಕ್ಕ ಹಾಕಿ ಬರೆದಿದ್ದರು: ನಿರ್ಬಂಧ ಸಡಿಲಿಸಿದ ಮೇಲೆ ಆರ್‌ಎಸ್‌ವಿ ದೊಡ್ಡದಾಗಿ ಮರಳುತ್ತದೆ ಎಂದು. ಗಡಿ ಮುಚ್ಚಿದ್ದು, ಶಾಲೆ ಮುಚ್ಚಿದ್ದು ಎಷ್ಟರಮಟ್ಟಿಗೆ ಸರಿ ಎಂಬ ವಾದ ಬೇರೆ. ಬರುವುದು ಗೊತ್ತಿದ್ದೂ ಮಕ್ಕಳ ವಾರ್ಡಿಗೆ ನರ್ಸುಗಳನ್ನು, ಹಾಸಿಗೆಗಳನ್ನು ಸೇರಿಸದೆ ಉಳಿದದ್ದು ಮಾತ್ರ ಕ್ಷಮಿಸಲಾಗದ ಲೋಪ. 2022ರ ಶರತ್ಕಾಲದಲ್ಲಿ ಪ್ಯಾರಿಸ್ ಸುತ್ತಲಿನ ಆಸ್ಪತ್ರೆಗಳಲ್ಲಿ ಜಾಗವಿಲ್ಲದೆ ಶಿಶುಗಳನ್ನು ದೂರದ ಊರುಗಳ ಐಸಿಯುಗಳಿಗೆ ಸಾಗಿಸಿದರು. ಮಕ್ಕಳ ಆರೈಕೆಯಲ್ಲಿರುವ ಸಾವಿರಾರು ಆರೋಗ್ಯ ಸಿಬ್ಬಂದಿ ಅಧ್ಯಕ್ಷ ಮ್ಯಾಕ್ರೋನ್‌ಗೆ ಬಹಿರಂಗ ಪತ್ರ ಬರೆದರು. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘವೂ ಮಕ್ಕಳ ಆಸ್ಪತ್ರೆಗಳ ಸಂಘವೂ ತುರ್ತುಸ್ಥಿತಿ ಘೋಷಿಸುವಂತೆ ಬೈಡನ್ ಸರ್ಕಾರವನ್ನು ಕೇಳಿಕೊಂಡವು. ಕೋವಿಡ್‌ಗೆ ಮೊದಲಿನ ವರ್ಷಗಳಲ್ಲಿ ಲಾಭವಿಲ್ಲವೆಂದು ಮಕ್ಕಳ ಹಾಸಿಗೆಗಳನ್ನು ಕಡಿಮೆ ಮಾಡುತ್ತ ಬಂದ ಆಸ್ಪತ್ರೆಗಳು ಆ ದೇಶದಲ್ಲಿ ಹಲವು.

ಭಾರತದಲ್ಲಿ ಈ ಅಲೆ ಬೇರೆ ಮುಖ ತೋರಿಸಿತು. 2023ರ ಮೊದಲ ತಿಂಗಳುಗಳಲ್ಲಿ ಕೋಲ್ಕತ್ತದ ಮಕ್ಕಳ ಆಸ್ಪತ್ರೆಗಳು ಅಡಿನೊವೈರಸ್‌ನಿಂದ ತುಂಬಿದವು, ಸಾವುಗಳೂ ಆದವು. ಅಲ್ಲಿ ಓಡಾಡುತ್ತಿದ್ದುದು ಆ ವೈರಸ್ಸಿನ 7 ಮತ್ತು 3ನೇ ಬಗೆಗಳು ಬೆರೆತು ಆದ ತಳಿ ಎಂದು ಕೋಲ್ಕತ್ತದ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯ ಪರೀಕ್ಷೆ ತಿಳಿಸಿತು. ಇನ್ನು ಬೆಂಗಳೂರು. 2025ರ ಜನವರಿ 6ರಂದು ನಗರದ ಆಸ್ಪತ್ರೆಯೊಂದರಲ್ಲಿ ಎರಡು ಶಿಶುಗಳಲ್ಲಿ ಎಚ್‌ಎಂಪಿವಿ ಎಂಬ ವೈರಸ್ ಕಂಡುಬಂದಿದೆ ಎಂದು ಕೇಂದ್ರ ಸರ್ಕಾರ ಪ್ರಕಟಿಸಿತು. ಚೀನಾದಿಂದ ಹೊಸ ರೋಗ ಬಂತೆಂದು ಅಂದು ಟಿವಿ ವಾಹಿನಿಗಳು ಗಂಟಲು ಹರಿದುಕೊಂಡವು, ಷೇರುಪೇಟೆಯೂ ಬಿತ್ತು. ಆ ಕೂಸುಗಳ ಮನೆಯವರು ಯಾವ ವಿದೇಶಕ್ಕೂ ಹೋಗಿ ಬಂದವರಲ್ಲ. ಎಚ್‌ಎಂಪಿವಿಯನ್ನು ಡಚ್ ವಿಜ್ಞಾನಿಗಳು ಗುರುತಿಸಿದ್ದು 2001ರಲ್ಲಿ, ಆದರೆ 1950ರ ದಶಕದಲ್ಲಿ ತೆಗೆದಿಟ್ಟ ರಕ್ತದಲ್ಲೂ ಅದರ ಗುರುತು ಸಿಕ್ಕಿತ್ತು. ಅದು ನಮ್ಮ ಮಕ್ಕಳಿಗೆ ಹಿಂದೆಯೂ ಬರುತ್ತಿತ್ತು. ಆಗ ಪರೀಕ್ಷಿಸುವವರಿರಲಿಲ್ಲ, ಕೇಸ್ ಶೀಟಿನಲ್ಲಿ ‘ನ್ಯುಮೋನಿಯಾ’ ಎಂದು ಬರೆದು ಮುಗಿಸುತ್ತಿದ್ದರು. ಎರಡು ಕೂಸಿನ ಸುದ್ದಿಗೆ ಅಷ್ಟು ಗಾಬರಿಯಾದ ನಾವು, ಪ್ರತಿ ಮಳೆಗಾಲದ ಕೊನೆಯಲ್ಲಿ ಸರ್ಕಾರಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಒಂದು ಮಂಚಕ್ಕೆ ಎರಡು ಮೂರು ಮಕ್ಕಳು ಮಲಗುವುದಕ್ಕೆ ಗಾಬರಿಯಾಗುವುದಿಲ್ಲ. ಇದು ನನ್ನನ್ನು ಬಹಳ ನೋಯಿಸುತ್ತದೆ.

ಚಿಕಿತ್ಸೆ ಏನು ಎಂದು ಕೇಳಿದರೆ ಉತ್ತರ ಸರಳ, ಹಾಗಾಗಿಯೇ ಅನೇಕರಿಗೆ ಒಪ್ಪಿಗೆಯಾಗುವುದಿಲ್ಲ. ಬ್ರಾಂಕಿಯೊಲೈಟಿಸ್‌ಗೆ ಆಂಟಿಬಯೊಟಿಕ್ ಕೆಲಸ ಮಾಡುವುದಿಲ್ಲ, ಸ್ಟೀರಾಯ್ಡ್ ಕೆಲಸ ಮಾಡುವುದಿಲ್ಲ, ದಿನಕ್ಕೆ ನಾಲ್ಕು ಸಲ ನೆಬ್ಯುಲೈಸರ್ ಹಿಡಿದರೂ ಹೆಚ್ಚಿನ ಶಿಶುಗಳಿಗೆ ಪ್ರಯೋಜನವಿಲ್ಲ. ಬೇಕಾದದ್ದು ಮೂಗು ಸ್ವಚ್ಛ ಮಾಡುವುದು, ಹಾಲೋ ದ್ರವವೋ ಹೊಟ್ಟೆಗೆ ಹೋಗುವಂತೆ ನೋಡಿಕೊಳ್ಳುವುದು, ರಕ್ತದಲ್ಲಿ ಆಮ್ಲಜನಕ ಇಳಿದರೆ ಕೊಡುವುದು, ಮೂರು ನಾಲ್ಕು ದಿನ ಬಿಡದೆ ಕಾಯುವುದು. ಕಾಯುವ ಈ ಕೆಲಸವೇ ಕಷ್ಟದ್ದು. ಅದಕ್ಕೆ ನರ್ಸು ಬೇಕು, ಪಾದಕ್ಕೆ ಸುತ್ತುವ ಕೆಂಪು ದೀಪದ ಪಲ್ಸ್ ಆಕ್ಸಿಮೀಟರ್ ಬೇಕು.

ಢಾಕಾದಲ್ಲಿ ಒಬ್ಬ ವೈದ್ಯರು ಮಾಡಿದ ಕೆಲಸವನ್ನು ಇಲ್ಲಿ ಹೇಳಲೇಬೇಕು. ಮೊಹಮ್ಮದ್ ಜೊಬಾಯೆರ್ ಚಿಶ್ತಿ ಎಂದು ಅವರ ಹೆಸರು. ಉಸಿರುಗಟ್ಟಿದ ಮಕ್ಕಳಿಗೆ ವೆಂಟಿಲೇಟರ್ ಇಲ್ಲದ ಆಸ್ಪತ್ರೆಗಳಲ್ಲಿ ಏನು ಮಾಡುವುದು ಎಂದು ಯೋಚಿಸಿ ಅವರು ಶಾಂಪೂ ಬಾಟಲಿಯನ್ನು ಕೈಗೆತ್ತಿಕೊಂಡರು. ಬಾಟಲಿಗೆ ನೀರು ತುಂಬಿ, ಆಮ್ಲಜನಕ ಪಡೆಯುವ ಮಗು ಬಿಟ್ಟ ಉಸಿರು ಹೊರಹೋಗುವ ನಳಿಕೆಯ ತುದಿಯನ್ನು ಅದರಲ್ಲಿ ಮುಳುಗಿಸಿದರು. ಮಗು ಉಸಿರು ಬಿಟ್ಟಾಗ ನೀರಿನಲ್ಲಿ ಗುಳ್ಳೆ ಏಳುತ್ತದೆ, ಆ ನೀರಿನ ಒತ್ತಡ ಶ್ವಾಸಕೋಶದ ಪುಟ್ಟ ಗಾಳಿಚೀಲಗಳು ಮುಚ್ಚಿಕೊಳ್ಳದಂತೆ ಹಿಡಿಯುತ್ತದೆ. 2015ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಮಾಮೂಲಿ ಆಮ್ಲಜನಕ ಪಡೆದ ಮಕ್ಕಳಲ್ಲಿ ಶೇ 15 ಮಂದಿ ತೀರಿಕೊಂಡರೆ, ಈ ಗುಳ್ಳೆಯ ನಳಿಕೆ ಪಡೆದವರಲ್ಲಿ ಶೇ 4 ಮಾತ್ರ. ದುಬಾರಿ ಯಂತ್ರ ಇಲ್ಲ ಎಂಬ ಒಂದೇ ಕಾರಣಕ್ಕೆ ಮಗು ಸಾಯಬೇಕಿಲ್ಲ ಎಂಬುದಕ್ಕೆ ನಮ್ಮ ನೆರೆಯಲ್ಲೇ ಸಿಕ್ಕ ಪುರಾವೆ ಇದು.

ಮನೆಯಲ್ಲಿ ಆಗುವ ಅನಾಹುತಗಳೂ ಇವೆ. ಕೂಸಿಗೆ ಎಣ್ಣೆನೀರು ಹಾಕಿದ ಮೇಲೆ ಸಾಂಬ್ರಾಣಿ ಹೊಗೆ ಹಿಡಿಯುವುದು ನಮ್ಮಲ್ಲಿ ಅಜ್ಜಿಯರ ಅಕ್ಕರೆಯ ಪದ್ಧತಿ. ಎದೆ ಕಟ್ಟಿದ ಕೂಸಿಗೆ ಆ ಹೊಗೆ ವಿಷ. ಮೂಗಿಗೆ ಎಣ್ಣೆ ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿದು ಬೇರೆಯೇ ನ್ಯುಮೋನಿಯಾ ತರಬಹುದು. ಸೌದೆ ಒಲೆಯ ಅಡುಗೆಮನೆಯಲ್ಲಿ ಬಾಣಂತಿಯನ್ನು ಕೂಸಿನ ಜೊತೆ ಕೂರಿಸುವುದು, ಮನೆಯೊಳಗೆ ಬೀಡಿ ಸಿಗರೇಟು ಸೇದುವುದು, ಎರಡೂ ಬೇಡ. ಎಲ್ಲಕ್ಕಿಂತ ದೊಡ್ಡ ಅಪಾಯ ಕೆಮ್ಮಿನ ಸಿರಪ್. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಸಿರಪ್ ಕುಡಿದ ಮಕ್ಕಳು ಮೂತ್ರಪಿಂಡ ಸೋತು ಸತ್ತರು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧಿ ಬರೆಯಬಾರದು, ಕೊಡಬಾರದು ಎಂದು ಆ ಅಕ್ಟೋಬರಿನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಸುತ್ತೋಲೆ ಹೊರಡಿಸಿತು. ಕಲಬೆರಕೆ ಇಲ್ಲದ ಸಿರಪ್ಪೂ ಹಸುಗೂಸಿಗೆ ಉಪಯೋಗವಿಲ್ಲ.

ಲಸಿಕೆಯ ಮಾತಿಗೆ ಬರೋಣ. 1960ರ ದಶಕದಲ್ಲಿ ಆರ್‌ಎಸ್‌ವಿಗೆ ಲಸಿಕೆ ಮಾಡಲು ಹೋದದ್ದು ದೊಡ್ಡ ದುರಂತವಾಯಿತು. ಫಾರ್ಮಲಿನ್‌ನಲ್ಲಿ ಕೊಂದ ವೈರಸ್ಸನ್ನು ಅಮೆರಿಕದ ಶಿಶುಗಳಿಗೆ ಕೊಟ್ಟರು. ಆಮೇಲೆ ನಿಜವಾದ ಸೋಂಕು ತಗುಲಿದಾಗ, ಲಸಿಕೆ ಪಡೆದಿದ್ದವರಲ್ಲಿ ಶೇ 80 ಮಂದಿ ಆಸ್ಪತ್ರೆ ಸೇರಿದರು, ಇಬ್ಬರು ಸತ್ತರು. ಪಡೆಯದವರಲ್ಲಿ ಆಸ್ಪತ್ರೆ ಸೇರಿದ್ದು ಶೇ 5. ಆ ಪೆಟ್ಟಿಗೆ ಈ ಕ್ಷೇತ್ರವೇ ದಶಕಗಳ ಕಾಲ ಹಿಂಜರಿಯಿತು. 2013ರಲ್ಲಿ ಜೇಸನ್ ಮೆಕ್‌ಲೆಲನ್, ಬಾರ್ನಿ ಗ್ರಹಾಂ ಮತ್ತು ಸಂಗಡಿಗರು ತಪ್ಪಿನ ಮೂಲ ಬಿಡಿಸಿದರು. ಕೋಶದೊಳಗೆ ನುಗ್ಗಲು ವೈರಸ್ ಬಳಸುವ ಪ್ರೋಟೀನು ನುಗ್ಗುವ ಮೊದಲು ಒಂದು ಆಕಾರದಲ್ಲಿರುತ್ತದೆ, ನುಗ್ಗಿದ ಮೇಲೆ ಇನ್ನೊಂದು. ಬಲವಾದ ಪ್ರತಿಕಾಯ ಹುಟ್ಟುವುದು ಮೊದಲ ಆಕಾರಕ್ಕೆ. ಆ ಆಕಾರವನ್ನು ಹಾಗೆಯೇ ಬಿಗಿದು ಹಿಡಿಯುವುದನ್ನು ಅವರು ಕಲಿತರು. ಅದೇ ಯೋಚನೆಯನ್ನು ಮುಂದೆ ಕೊರೊನಾ ವೈರಸ್ಸಿನ ಮುಳ್ಳಿನ ಪ್ರೋಟೀನಿಗೆ ಹಚ್ಚಿ ಹಲವು ಕೋವಿಡ್ ಲಸಿಕೆಗಳನ್ನು ಮಾಡಿದರು. ಲೋಕವನ್ನು ಉಳಿಸಿದ ಲಸಿಕೆಗೆ ದಾರಿ ತೋರಿಸಿದ ಕೆಲಸದಲ್ಲಿ ಹಸುಗೂಸುಗಳ ಈ ಕಾಯಿಲೆಗೆ ದೊಡ್ಡ ಪಾಲಿದೆ ಎಂಬುದನ್ನು ಎಷ್ಟು ಜನ ಬಲ್ಲರು?

ಇಂದು ಎರಡು ಉಪಾಯಗಳಿವೆ. ಒಂದು, ಗರ್ಭಿಣಿಗೆ ಕೊಡುವ ಲಸಿಕೆ. 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಹುಟ್ಟಿದ ಮೊದಲ ಮೂರು ತಿಂಗಳು ತೀವ್ರ ಕಾಯಿಲೆಯನ್ನು ಸುಮಾರು ಶೇ 82ರಷ್ಟು ತಡೆಯಿತು, ಆರು ತಿಂಗಳವರೆಗೆ ಸುಮಾರು ಶೇ 69. ಇನ್ನೊಂದು, ಕೂಸಿಗೇ ಕೊಡುವ ನಿರ್ಸೆವಿಮ್ಯಾಬ್ ಎಂಬ ಪ್ರತಿಕಾಯದ ಒಂದೇ ಚುಚ್ಚುಮದ್ದು, ಐದಾರು ತಿಂಗಳು ಕಾಯುತ್ತದೆ. ಸ್ಪೇನಿನ ಗಲೀಸಿಯಾದಲ್ಲಿ 2023ರ ಚಳಿಗಾಲದ ಹೊತ್ತಿಗೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಶಿಶುಗಳಿಗೆ ಇದನ್ನು ಕೊಟ್ಟರು. ಆರ್‌ಎಸ್‌ವಿಯಿಂದ ಆಸ್ಪತ್ರೆ ಸೇರುವುದನ್ನು ಅದು ಶೇ 82ರಷ್ಟು ತಡೆಯಿತು.

ಗಲೀಸಿಯಾದ ಕೂಸುಗಳು ಉಳಿದದ್ದು ಸಂತೋಷ. ಆದರೆ ಲೆಕ್ಕ ನೋಡಿ. 2019ರಲ್ಲಿ ಜಗತ್ತಿನಾದ್ಯಂತ ಆರ್‌ಎಸ್‌ವಿಗೆ ಬಲಿಯಾದ ಐದು ವರ್ಷದೊಳಗಿನ ಮಕ್ಕಳು ಒಂದು ಲಕ್ಷಕ್ಕೂ ಹೆಚ್ಚು ಎಂಬ ಅಂದಾಜಿದೆ. ಅವರಲ್ಲಿ ಶೇ 97 ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಸುಮಾರು 45,700 ಮಂದಿ ಆರು ತಿಂಗಳೊಳಗಿನವರು. ಆಸ್ಪತ್ರೆಯಲ್ಲಿ ತೀರಿಕೊಂಡವರು 26,300, ಅಂದರೆ ನಾಲ್ಕರಲ್ಲಿ ಮೂರು ಮಕ್ಕಳು ಆಸ್ಪತ್ರೆಯ ಹೊರಗೇ ಪ್ರಾಣ ಬಿಟ್ಟರು. ಔಷಧಿ ಮೊದಲು ಹೋದದ್ದು ಹಾಸಿಗೆಯೂ ಆಮ್ಲಜನಕವೂ ಇರುವ ಊರುಗಳಿಗೆ. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ದೇಶಗಳೂ ಈ ಎರಡರಲ್ಲಿ ಒಂದನ್ನು ತಮ್ಮ ಕಾರ್ಯಕ್ರಮಕ್ಕೆ ಸೇರಿಸಬೇಕೆಂದು ಹೇಳಿದೆ. ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇನ್ನೂ ಇವು ಸೇರಿಲ್ಲ. ನ್ಯುಮೋಕಾಕಸ್ ಲಸಿಕೆಯನ್ನು 2017ರಲ್ಲಿ ಕೆಲವು ರಾಜ್ಯಗಳಲ್ಲಿ ಶುರುಮಾಡಿ 2021ರಲ್ಲಿ ದೇಶಕ್ಕೆಲ್ಲ ಹಬ್ಬಿಸಿದ ವ್ಯವಸ್ಥೆ ನಮ್ಮದು. ತಾಯಿ ಕಾರ್ಡ್ ಹಿಡಿದು ಪ್ರತಿ ತಿಂಗಳು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವ ಗರ್ಭಿಣಿಗೆ ಧನುರ್ವಾಯು ತಡೆಯುವ ಟಿಡಿ ಚುಚ್ಚುಮದ್ದು ಕೊಡುವವರಿಗೆ ಇನ್ನೊಂದು ಚುಚ್ಚುಮದ್ದು ಕೊಡುವುದು ಅಸಾಧ್ಯವಲ್ಲ. ಬೆಲೆ ಇಳಿಸುವ, ಇಲ್ಲೇ ತಯಾರಿಸುವ ಮಾತನ್ನು ಸರ್ಕಾರ ಈಗಲೇ ಆಡಬೇಕು.

ಅದು ಬರುವವರೆಗೆ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ನೆಗಡಿಯಿದ್ದಾಗ ಬಾಣಂತಿಯ ಮನೆಗೆ ಕೂಸು ನೋಡಲು ಹೋಗಬೇಡಿ, ಹೋದರೂ ಕೈ ತೊಳೆಯದೆ ಮುಟ್ಟಬೇಡಿ, ಮುತ್ತು ಕೊಡಬೇಡಿ. ಮನೆಯ ಕೂಸಿಗೆ ಕೆಮ್ಮು ಬಂದರೆ ಅದು ಮಲಗಿ ಶಾಂತವಾಗಿದ್ದಾಗ ಅಂಗಿ ಮೇಲೆತ್ತಿ, ಹೊಟ್ಟೆ ಏರಿಳಿಯುವುದನ್ನು ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಒಂದು ವರ್ಷದೊಳಗಿನ ಮಗುವಿಗೆ 50 ಅಥವಾ ಹೆಚ್ಚು, ಐದು ವರ್ಷದೊಳಗಿನವರಿಗೆ 40 ಅಥವಾ ಹೆಚ್ಚು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಎಣಿಸಲು ಬಾರದಿದ್ದರೆ ಆಶಾ ಕಾರ್ಯಕರ್ತೆಯನ್ನು ಕರೆಯಿರಿ, ಅವರಿಗೆ ಇದರ ತರಬೇತಿ ಇದೆ. ಪಕ್ಕೆ ಸೆಳೆತ ಕಂಡರೆ, ಹಾಲು ಬಿಟ್ಟರೆ, ತುಟಿ ನೀಲಿಯಾದರೆ, ಉಸಿರು ನಡುನಡುವೆ ನಿಂತರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.